ಹೇಸಿಕೊಂಡೇ ಸಾಕಿದ ಬರ್ಫಿ

ಘಟಪ್ರಭಾ ಸ್ಟೇಷನ್ನಿನಿಂದ ನಮ್ಮ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹೋದ ತಿಂಗಳು ಹೊಸದೊಂದು ಅಂಗಡಿ ಶುರುವಾಗಿದೆ. ಮೊದಲು ಅಲ್ಲಿ ಛತ್ರಿ, ಬ್ಯಾಗು ರಿಪೇರಿ ಮಾಡುತ್ತಿದ್ದರು. ಈಗ ಗಾಜಿನ ಪೆಟ್ಟಿಗೆಯಲ್ಲಿ ಮೀನು, ಪಂಜರದಲ್ಲಿ ಬಣ್ಣಬಣ್ಣದ ಗಿಳಿ, ಬಾಗಿಲ ಬಾಜೂಕ್ಕೆ ಒಂದರ ಮೇಲೊಂದು ಪೇರಿಸಿದ ತಂತಿಯ ಗೂಡುಗಳು. ನಾನು ಆ ಕಡೆ ನೋಡದೆ ಹೋಗುತ್ತೇನೆ. ಆದರೆ ಕಣ್ಣಿಗಿರುವ ರೆಪ್ಪೆ ಮೂಗಿಗಿಲ್ಲ. ಒದ್ದೆಯಾದ ಕಟ್ಟಿಗೆ ಹೊಟ್ಟು, ಅದರಲ್ಲಿ ಇಂಗಿದ ಹಳೆ ಉಚ್ಚೆ, ಕೊಳೆತ ಕೋಸಿನ ಎಲೆ, ಎಲ್ಲ ಸೇರಿದ ಒಂದು ವಾಸನೆ ಬಂದು ಗಂಟಲಲ್ಲಿ ಕೂತುಬಿಡುತ್ತದೆ. ಲ್ಯಾಬಿಗೆ ಹೋಗಿ ಕೈ ತೊಳೆದುಕೊಂಡು, ಮುಖ ತೊಳೆದುಕೊಂಡು ಕೂತರೂ ಅದು ಇಳಿಯುವುದಿಲ್ಲ. ಅದರ ಜೊತೆಗೆ ಗೋಕಾಕದ ಆ ಒಂದು ಮಳೆಗಾಲವೂ ಪೂರ್ತಿ ಎದ್ದು ಬರುತ್ತದೆ.

ನಾನು ಲ್ಯಾಬ್ ಟೆಕ್ನಿಷಿಯನ್. ಮುಂಜಾನೆ ಹೋದ ಕೂಡಲೇ ನನ್ನೆದುರು ಬಂದು ನಿಲ್ಲುವುದು ಮಂದಿಯ ಕಫ, ಮಲ, ಮೂತ್ರ, ಕೀವು. ಇವಳಿಗೆ ಹೇಸಿಕೆ ಅನ್ನುವುದೇ ಇಲ್ಲ ಎಂದು ಬಂಧುಗಳು ಮಾತಾಡಿಕೊಳ್ಳುತ್ತಾರೆ. ಅದು ತಪ್ಪು. ನನಗೆ ದಿನವೂ ಹೇಸಿಕೆ ಬರುತ್ತದೆ, ಮುಚ್ಚಳ ತೆಗೆದಾಗೆಲ್ಲ ಬರುತ್ತದೆ. ಮುಖ ಕಿವುಚುವುದಿಲ್ಲ ಅಷ್ಟೆ. ಎಲ್ಲಕ್ಕಿಂತ ಹೆಚ್ಚು ಹೇಸಿಕೆ ಇಲಿಯದು. ಮಸಗುಪ್ಪಿಯ ನನ್ನ ತವರುಮನೆ ಎರಡು ಕೋಣೆಯದು. ಒಂದರಲ್ಲಿ ಗೋವಿನಜೋಳದ ಚೀಲ, ಇನ್ನೊಂದರಲ್ಲಿ ನಾವು. ಚೀಲಕ್ಕೆ ಬಂದ ಇಲಿಗಳು ನಮ್ಮ ಕಡೆಗೂ ಬರುತ್ತಿದ್ದವು. ಸಕ್ಕರೆ ಕಾಯಿಲೆಯಿಂದ ನನ್ನ ಅಜ್ಜಿಯ ಪಾದ ಜೋಮು ಹಿಡಿದು ಏನೂ ತಿಳಿಯದಂತಾಗಿತ್ತು. ಒಂದು ಮುಂಜಾನೆ ನೋಡಿದರೆ ಹಿಮ್ಮಡಿಯನ್ನು ಇಲಿ ಕೆರೆದು ತಿಂದಿತ್ತು, ಅಜ್ಜಿಗೆ ಎಚ್ಚರವೂ ಆಗಿರಲಿಲ್ಲ. ಆ ಗಾಯ ಮಾಯಲಿಲ್ಲ. ಅದರ ಪಟ್ಟಿ ಬಿಚ್ಚಿ ಕಟ್ಟುತ್ತಿದ್ದವಳು ನಾನು. ಅಂದಿನಿಂದ ಸಣ್ಣ ಹಲ್ಲು, ಪುಟುಪುಟು ಅಲ್ಲಾಡುವ ಮೂಗು, ಗುಂಡು ಕಣ್ಣಿನ ಯಾವ ಪ್ರಾಣಿ ಕಂಡರೂ ನನಗೆ ಬೆನ್ನಹುರಿಯಲ್ಲಿ ಚಳಿ.

ಇದನ್ನೆಲ್ಲ ಅನಿಲನಿಗೆ ಮದುವೆಗೆ ಮೊದಲೇ ಹೇಳಿದ್ದೆ. ಅನಿಲ ಅಂಕಲಗಿಯವನು, ಗೋಕಾಕದ ಪೇಟೆಯಲ್ಲಿ ಮೊಬೈಲ್ ಅಂಗಡಿ ನಡೆಸುತ್ತಾನೆ. ಅವನ ಮಾತು ಸಿಹಿ, ಮುಖ ಸದಾ ನಗು. ಗೋಕಾಕದ ನಮ್ಮ ಮಹಡಿ ಮನೆಗೆ ಬರಿಗೈಯಲ್ಲಿ ಬರುವವನಲ್ಲ. ಒಮ್ಮೆ ಗಿಟಾರು ತಂದ. ಇನ್ನೊಮ್ಮೆ ಸೋರುವ ಮೀನಿನ ತೊಟ್ಟಿ ತಂದ. ಒಂದು ತಿಂಗಳು ವ್ಯಾಯಾಮದ ಕಬ್ಬಿಣದ ಗುಂಡುಗಳು ನಡುಮನೆಯಲ್ಲಿ ಬಿದ್ದಿದ್ದವು. ಬಂದದ್ದಕ್ಕೆಲ್ಲ ಮೊದಲು ಭಾರಿ ಪ್ರೀತಿ, ಆಮೇಲೆ ಮೂಲೆ. ಅವೆಲ್ಲ ಜೀವವಿಲ್ಲದ ವಸ್ತುಗಳಾದ್ದರಿಂದ ನಾನೂ ನಕ್ಕು ಸುಮ್ಮನಾಗಿದ್ದೆ.

ಆಷಾಢದ ಜಿಟಿಜಿಟಿ ಶುರುವಾದ ಒಂದು ಸಂಜೆ ಅವನು ತೂತು ಹಾಕಿದ ರಟ್ಟಿನ ಡಬ್ಬಿಯೊಂದಿಗೆ ಮೆಟ್ಟಿಲು ಹತ್ತಿ ಬಂದ. ಕಣ್ಣು ಮುಚ್ಚಿ ಕೈ ಮುಂದೆ ಮಾಡು ಎಂದ. ಹೊಸ ಹೆಂಡತಿಯಲ್ಲವೇ, ಮಾಡಿದೆ. ಅಂಗೈಗೆ ಬಿಸಿಯಾದದ್ದೇನೋ ಬಂದು ಕೂತಿತು. ಅದರೊಳಗೆ ಯಾರೋ ಬಾಗಿಲು ಬಡಿಯುತ್ತಿರುವ ಹಾಗೆ ಒಂದು ಹೃದಯ ಬಡಿದುಕೊಳ್ಳುತ್ತಿತ್ತು. ಸಣ್ಣ ಉಗುರುಗಳು ಚುಚ್ಚಿದವು. ಆಮೇಲೆ ಬೆರಳ ಸಂದಿಯಿಂದ ಬೆಚ್ಚಗಿನ ನೀರು ಇಳಿಯಿತು. ಕಣ್ಣು ತೆರೆದೆ. ಬಿಳಿ ಮತ್ತು ಕಂದು ಬಣ್ಣದ, ಬಾಲವಿಲ್ಲದ, ಕೊಬ್ಬಿದ ಒಂದು ಇಲಿ ನನ್ನ ಕೈಯಲ್ಲಿ ಉಚ್ಚೆ ಹೊಯ್ಯುತ್ತಿತ್ತು. ನಾನು ಕಿರುಚಲಿಲ್ಲ. ಚಾಚಿದ ಕೈ ಚಾಚಿದಂತೆಯೇ ನಿಂತೆ. ಅನಿಲನೇ ಅದನ್ನು ಎತ್ತಿಕೊಂಡು, ಇದು ಇಲಿಯಲ್ಲ, ಗಿನಿಪಿಗ್, ಮಂದಿ ಸಾಕುವ ಪ್ರಾಣಿ, ಹೆಸರು ಬರ್ಫಿ ಎಂದು ಪರಿಚಯ ಮಾಡಿಸಿದ. ನಾನು ಬಚ್ಚಲಿಗೆ ಹೋಗಿ ಚರ್ಮ ಉರಿಯುವವರೆಗೆ ಕೈ ತಿಕ್ಕಿದೆ.

ವಾಪಸು ಕೊಡು ಎಂದೆ. ಅವನು ಕೊಡಲಿಲ್ಲ. ಮಾರಿದವನು ಇದಕ್ಕೆ ಏನು ಹಾಕಿದರೂ ತಿನ್ನುತ್ತದೆ, ಏನೂ ಕಿರಿಕಿರಿಯಿಲ್ಲ ಎಂದಿದ್ದನಂತೆ. ಕೊನೆಗೆ ಒಂದು ಮಾತಾಯಿತು: ತಿನ್ನಿಸುವುದು, ಕುಡಿಸುವುದು, ಗೂಡು ತೊಳೆಯುವುದು ಎಲ್ಲ ಅವನದು. ನಾನು ಮುಟ್ಟುವುದಿಲ್ಲ.

ಮೊದಲ ಕೆಲವು ವಾರ ನಮ್ಮ ಮನೆ ಸಂತೆಯಾಯಿತು. ಅನಿಲ ಬರ್ಫಿಯ ವಿಡಿಯೋ ಮಾಡಿ ಹಾಕಿದ್ದೇ ತಡ, ಓಣಿಯ ಮಕ್ಕಳು, ಅಂಗಡಿಯ ಗೆಳೆಯರು, ಅವರ ಹೆಂಡಂದಿರು ಬಂದು ಹೋದರು. ಬಂದವರೆಲ್ಲ ಏನಾದರೂ ತಿನ್ನಿಸಿದರು. ಬಿಸ್ಕಿಟು, ಚುರುಮುರಿ, ಚಿಪ್ಸು, ಒಬ್ಬರು ಕರದಂಟಿನ ಚೂರನ್ನೂ ಕೊಟ್ಟರು. ಅದಕ್ಕೆ ಕೆಂಪು ರಿಬ್ಬನ್ ಕಟ್ಟಿದರು. ಶಾಂಪೂ ಹಾಕಿ ಮೀಯಿಸಿ, ಕೂದಲು ಒಣಗಿಸುವ ಯಂತ್ರ ಹಿಡಿದರು. ಹಾಡು ಜೋರಾಗಿ ಹಚ್ಚಿ ಅದರ ಮುಂದೆ ಕುಣಿದರು. ಅದು ಕಲ್ಲಿನ ಹಾಗೆ ಒಂದು ಕಡೆ ಕೂತುಬಿಡುತ್ತಿತ್ತು. ಎಷ್ಟು ಶಾಣ್ಯಾ ನೋಡು, ಅಲ್ಲಾಡುವುದೇ ಇಲ್ಲ ಎಂದು ಅನಿಲ ಮೆಚ್ಚಿಕೊಂಡ. ಅದು ಅಂಜಿಕೆಯಿಂದ ಹಾಗೆ ಕೂತಿದೆ ಎಂದು ನಮಗಾರಿಗೂ ತಿಳಿದಿರಲಿಲ್ಲ.

ನಾನು ಬಾಗಿಲಿಂದಾಚೆ ನಿಂತು ನೋಡುತ್ತಿದ್ದೆ. ಎಲ್ಲವೂ ವಾಕರಿಕೆ ತರಿಸುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಅದು ಬಗ್ಗಿ ತನ್ನ ಹಿಂಭಾಗಕ್ಕೇ ಬಾಯಿ ಹಾಕಿ, ಹೊರಬಂದದ್ದನ್ನು ಬಾಯಲ್ಲೇ ಹಿಡಿದು ಅಗಿದದ್ದನ್ನು ಕಂಡೆ. ತಾಟು ಹಾಗೇ ಬಿಟ್ಟು ಎದ್ದೆ. ಅನಿಲ ಅದನ್ನೂ ವಿಡಿಯೋ ಮಾಡಿದ.

ಶ್ರಾವಣಕ್ಕೆ ಮಳೆ ಜೋರಾಯಿತು. ಹೊಳೆ ಕೆಂಪಾಗಿ ತುಂಬಿತು, ಬಟ್ಟೆ ಒಣಗುವುದು ನಿಂತಿತು, ಗೋಡೆಯಲ್ಲಿ ಬೂಷ್ಟು ಹಿಡಿಯಿತು. ಅಷ್ಟರಲ್ಲಿ ಅನಿಲನ ಗೆಳೆಯನೊಬ್ಬ ಹಾರುವ ಕ್ಯಾಮೆರಾ ತಂದಿದ್ದ. ಬೆಳಕಿರುವಾಗಲೇ ಅಂಗಡಿ ಮುಚ್ಚಿ ಎಲ್ಲರೂ ಗೋಕಾಕ ಫಾಲ್ಸಿನ ಕಡೆ ಓಡುತ್ತಿದ್ದರು, ನೀರು ಬೀಳುವುದನ್ನು ಮೇಲಿನಿಂದ ಹಿಡಿಯಲು. ಬರ್ಫಿಯ ವಿಡಿಯೋ ನೋಡುವವರು ಕಡಿಮೆಯಾದರು. ಗೂಡು ಮೊದಲು ನಡುಮನೆಯಿಂದ ಅಡುಗೆಮನೆಯ ಹೊರಗೆ, ಆಮೇಲೆ ಹಿಂದಿನ ತಗಡಿನ ಪಡಸಾಲೆಗೆ ಹೋಯಿತು. ಗಾಳಿ ತಿರುಗಿದರೆ ಅಲ್ಲಿ ಮಳೆಯ ಇರಚಲು ಹೊಡೆಯುತ್ತಿತ್ತು. ನಾನು ದಿನವೂ ಹೇಳಿದೆ, ವಾಸನೆ ಬರುತ್ತಿದೆ, ತೊಳಿ ಎಂದು. ಅವನು ದಿನವೂ ನಾಳೆ ಎಂದ. ಹೊರಡುವಾಗ ಒಂದು ಮುಷ್ಟಿ ಚುರುಮುರಿ ಎಸೆದು ಬರುತ್ತಿದ್ದ. ಅದನ್ನೇ ಅವನು ಸಾಕುವುದು ಎಂದುಕೊಂಡಿದ್ದ. ಕೆಳಗಿನ ಮನೆಯವರು ಇಲಿ ಸತ್ತಿದೆಯೇನು ಎಂದು ವಿಚಾರಿಸಲು ಮೇಲೆ ಬಂದರು.

ಒಂದು ರವಿವಾರ, ನನಗೆ ರಜೆ. ಮಳೆ ಬಿಡುವು ಕೊಟ್ಟಿತ್ತು. ಪೇಟೆಯಿಂದ ಕಾಯಿಪಲ್ಲೆ ತಂದು ಅಡುಗೆಮನೆಯಲ್ಲಿ ಕ್ಯಾರಿಬ್ಯಾಗ್ ಬಿಚ್ಚಿದೆ. ಅದರ ಪರಪರ ಸದ್ದಿಗೆ ಬರ್ಫಿ ಯಾವಾಗಲೂ ವೀಕ್ ವೀಕ್ ಎಂದು ಕೂಗುತ್ತಿತ್ತು. ಆ ಕೂಗಿಗೇ ನನ್ನ ಮೈ ಮುಳ್ಳೇಳುತ್ತಿತ್ತು. ಅಂದು ಕೂಗು ಬರಲಿಲ್ಲ. ಅದೊಂದು ನೆಮ್ಮದಿ ಎನ್ನಿಸಬೇಕಿತ್ತು, ಎನ್ನಿಸಲಿಲ್ಲ. ಹಿಂದಿನ ಬಾಗಿಲು ತೆಗೆದೆ.

ಹಸಿರು ನೊಣಗಳು ಗೂಡಿನ ಮೇಲೆ ಗುಂಯ್ಯೆನ್ನುತ್ತಿದ್ದವು. ಅದು ಒಂದು ಮಗ್ಗುಲಾಗಿ ಬಿದ್ದಿತ್ತು. ಗೂಡಿನ ತಂತಿಯ ನೆಲದ ಮೇಲೆ ನಿಂತೂ ನಿಂತೂ ಅಂಗಾಲುಗಳು ಬಾತು ಕೆಂಪಾಗಿದ್ದವು. ಹಿಂಭಾಗದ ಕೂದಲೆಲ್ಲ ಹೇಲು ಉಚ್ಚೆಯಲ್ಲಿ ಅಂಟಿ ಗಟ್ಟಿಯಾಗಿತ್ತು. ಆ ಕೂದಲು ಅಲ್ಲಾಡುತ್ತಿತ್ತು. ಗಾಳಿಯಿರಲಿಲ್ಲ, ಆದರೂ ಅಲ್ಲಾಡುತ್ತಿತ್ತು. ಬಗ್ಗಿ ನೋಡಿದೆ. ಹುಳ. ಅಕ್ಕಿಕಾಳಿನಂಥ ಹುಳಗಳು, ಜೀವಂತ ಮೈಯೊಳಗೆ ತಲೆ ಹಾಕಿ ತಿನ್ನುತ್ತಿದ್ದವು. ಅದರ ಕಣ್ಣು ತೆರೆದೇ ಇತ್ತು, ನನ್ನನ್ನೇ ನೋಡುತ್ತಿತ್ತು.

ಒಳಗಿನಿಂದ ಅನಿಲನನ್ನು ಕರೆದೆ. ಬಂದ, ನೋಡಿದ, ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದ. ತಿರುಗಿ ಬಂದಾಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. ಬಾಗಿಲಿನಿಂದಾಚೆಯೇ ನಿಂತು ಹೇಳಿದ:

"ಅದು ಉಳಿಯೂದಿಲ್ಲ ಬಿಡು. ಯಾರರ ಕೈಲೆ ಹೊಳಿ ದಂಡಿಗೆ ಇಡಿಸಿ ಬರ್ತೇನಿ."

ನನ್ನ ಅಜ್ಜ ಸತ್ತ ದನ ಎಳೆಯುತ್ತಿದ್ದವನು. ಅನಿಲನ ಅಜ್ಜನೂ ಅಂಕಲಗಿಯಲ್ಲಿ ಅದನ್ನೇ ಮಾಡುತ್ತಿದ್ದ. ದನ ಸಾಕಿದ್ದವರು, ಅದರ ಹಾಲು ಕುಡಿದವರು ಅದು ಸತ್ತ ಮೇಲೆ ಮೂಗಿಗೆ ಬಟ್ಟೆ ಹಿಡಿದು ದೂರ ನಿಂತು, ಎಳಕೊಂಡು ಹೋಗ್ರೋ ಎನ್ನುತ್ತಿದ್ದರು. ಎಳೆದು ತಂದವನ ಮೈಗೆ ವಾಸನೆ ಹತ್ತಿದೆ ಎಂದು ಅದೇ ಬಟ್ಟೆಯನ್ನು ಅವನ ಎದುರೂ ಹಿಡಿಯುತ್ತಿದ್ದರು. ನಮ್ಮ ಮನೆಗಳಲ್ಲಿ ಬುದ್ಧನ ಫೋಟೋ ಬಂದು, ಆ ಕೆಲಸ ಬಿಟ್ಟು, ನಾವು ಓದಿ ಇಲ್ಲಿಗೆ ಬಂದಿದ್ದೇವೆ. ಆ ಕರವಸ್ತ್ರ ಕಂಡ ಕ್ಷಣದಲ್ಲಿ, ಇಷ್ಟು ದಿನ ಆ ಪ್ರಾಣಿಯ ಮೇಲಿದ್ದ ನನ್ನ ಹೇಸಿಕೆಯೆಲ್ಲ ಎದ್ದು ಹೋಗಿ ಬಾಗಿಲಲ್ಲಿ ನಿಂತ ನನ್ನ ಗಂಡನ ಮೇಲೆ ಕೂತಿತು. ಅದರ ಜೊತೆ ಕುಣಿದವನು ಅವನು. ಅದಕ್ಕೆ ಮುತ್ತು ಕೊಟ್ಟವನು ಅವನು.

ನನ್ನ ಬ್ಯಾಗಿನಲ್ಲಿ ಕೈಗವಸು, ಚಿಮಟ ಇದ್ದವು. ಉಪ್ಪುನೀರು ಕಾಯಿಸಿ ಆರಿಸಿದೆ. ಅಂಟಿದ ಕೂದಲನ್ನು ಕತ್ತರಿಸಿ ತೆಗೆದು, ಒಂದೊಂದೇ ಹುಳವನ್ನು ಹಿಡಿದು ಬಟ್ಟಲಿಗೆ ಹಾಕಿದೆ. ಎರಡು ಸಲ ಎದ್ದು ಹೋಗಿ ವಾಂತಿ ಮಾಡಿ, ಬಾಯಿ ಮುಕ್ಕಳಿಸಿ, ಬಂದು ಮತ್ತೆ ಕೂತೆ. ಬರ್ಫಿ ಕೂಗಲಿಲ್ಲ. ಹಲ್ಲು ಕಡಿಯುತ್ತ ನಡುಗುತ್ತಿತ್ತು. ನನಗೆ ಅದರ ಮೇಲೆ ಪ್ರೀತಿ ಹುಟ್ಟಲಿಲ್ಲ. ಕರುಣೆ ಕೂಡ ಬಂದಿತೆನ್ನಲಾರೆ. ಬಂದದ್ದು ಸಿಟ್ಟು.

ಗೋಕಾಕದಲ್ಲಿ ಖಾಸಗಿಯಾಗಿ ದನಕರು ನೋಡುವ ಡಾಕ್ಟರೊಬ್ಬರಿದ್ದರು. ಟವೆಲಿನಲ್ಲಿ ಸುತ್ತಿಕೊಂಡು ಅವರಲ್ಲಿಗೆ ಒಯ್ದೆ. ಎಮ್ಮೆಯೊಂದಕ್ಕೆ ಹೆರಿಗೆ ಮಾಡಿಸಿ ಆಗಷ್ಟೇ ಬಂದು, ಮೊಣಕಾಲಿನವರೆಗಿನ ಬೂಟು ತೊಳೆಯುತ್ತಿದ್ದರು. ಕೈ ಒರೆಸಿಕೊಂಡು ಟವೆಲು ಬಿಚ್ಚಿ ನೋಡಿದರು.

"ತಂಗಿ, ಖರೆ ಹೇಳ್ತೇನಿ. ಕಾಲೇಜಿನ್ಯಾಗ ಇದನ್ನ ನೋಡಿದ್ದೆ, ಆಮ್ಯಾಲೆ ಇವತ್ತs ನೋಡಾಕತ್ತೇನಿ. ದನಕ್ಕ ಕೊಡೂ ಔಷಧ ಇದಕ್ಕ ಕೊಟ್ರ ಸಾಯತೈತಿ. ಕೇಳಿ ಕೊಡ್ತೇನಿ, ಕೂಡು."

ತಮ್ಮ ಜೊತೆ ಓದಿದ, ಸಣ್ಣ ಪ್ರಾಣಿಗಳನ್ನೇ ನೋಡುವ ಡಾಕ್ಟರೊಬ್ಬರಿಗೆ ಫೋನು ಹಚ್ಚಿ, ಅವರು ಹೇಳಿದ್ದನ್ನು ನನಗೂ ಕೇಳಿಸಿದರು. ಉಳಿದಿದ್ದ ಹುಳಗಳಿಗೆ ಸೂಜಿಮದ್ದು, ನೋವಿಗೆ ಒಂದು ಹನಿ. ಆಮೇಲೆ ಪಾಠ ಶುರುವಾಯಿತು. ಇದಕ್ಕೆ ಮುಖ್ಯ ಆಹಾರ ಹುಲ್ಲು, ದಿನವಿಡೀ ಒಣಹುಲ್ಲು ಮುಂದಿರಬೇಕು, ಇಲ್ಲದಿದ್ದರೆ ಬೆಳೆಯುವ ಹಲ್ಲು ಸವೆಯುವುದಿಲ್ಲ, ಹೊಟ್ಟೆಯೂ ನಿಂತುಹೋಗುತ್ತದೆ. ಮನುಷ್ಯರ ಹಾಗೆ ಇದರ ಮೈಯಲ್ಲೂ ಸಿ ಜೀವಸತ್ವ ತಯಾರಾಗುವುದಿಲ್ಲ; ದಿನವೂ ಡಬ್ಬು ಮೆಣಸಿನಕಾಯಿ, ಕೊತ್ತಂಬರಿ ಕೊಡಬೇಕು, ಆಗಾಗ ಪೇರಲದ ಒಂದು ಚೂರು. ಚಿಪ್ಸು, ಬಿಸ್ಕಿಟು, ಸಿಹಿ ವಿಷ. ತಂತಿಯ ನೆಲ ಬೇಡ. ಸ್ನಾನ ಬೇಡ. ಸದ್ದು ಬೇಡ. ಅಡಗಲು ಒಂದು ಜಾಗ ಬೇಕು. ಅದು ತಿನ್ನುವುದು ಮೆತ್ತಗಿನ ಬೇರೆಯೇ ಥರದ ಹಿಕ್ಕೆ, ಅದನ್ನು ತಿನ್ನದಿದ್ದರೆ ಬದುಕುವುದಿಲ್ಲ. ಇಷ್ಟನ್ನೂ ಸಹಿಸಿಕೊಂಡು ಕೇಳಿದೆ. ಕೊನೆಗೆ ಫೋನಿನಲ್ಲಿದ್ದವರು, ಇವು ಗುಂಪಿನಲ್ಲಿ ಬಾಳುವಂಥವು, ಒಂಟಿಯಾಗಿಡಬೇಡಿ, ಇದು ಹೆಣ್ಣಾದ್ದರಿಂದ ಇನ್ನೊಂದು ಹೆಣ್ಣನ್ನೇ ಜೋಡಿ ಮಾಡಿ ಎಂದರು. ಒಂದನ್ನು ಕಂಡೇ ಹೇಸಿ ಸಾಯುತ್ತಿರುವವಳಿಗೆ ಎರಡು. ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ.

ಮುಂದಿನ ದಿನಗಳಲ್ಲಿ ನಾನು ಬೇಗ ಏಳತೊಡಗಿದೆ. ಹಳೆ ಮೇಜನ್ನು ಬೋರಲು ಹಾಕಿ, ಸುತ್ತ ಹಲಗೆ ಹೊಡೆಸಿ, ಇರಚಲು ತಾಗದ ನಡುಮನೆಯಲ್ಲೇ ಅಗಲವಾದ ಗೂಡು ಮಾಡಿದೆ. ಅವ್ವ ಕೊಟ್ಟಿದ್ದ ಹಳೆ ಕೌದಿಯನ್ನು ತುಂಡು ಮಾಡಿ ನೆಲಕ್ಕೆ ಹಾಸಿ, ದಿನಕ್ಕೊಂದು ಒಗೆದೆ. ಮಳೆಯಲ್ಲಿ ಹುಲ್ಲು ಒಣಗಿಸುವುದೇ ದೊಡ್ಡ ಕೆಲಸ. ಅಡುಗೆಮನೆಯ ಹಗ್ಗಕ್ಕೆ ಕರಿಕೆ ಹುಲ್ಲಿನ ಕಟ್ಟುಗಳು ನೇತಾಡಿದವು. ಬಸ್ಸು ಹತ್ತುವ ಮೊದಲು ಅದರ ಗಾಯ ತೊಳೆದು ಮುಲಾಮು ಹಚ್ಚುತ್ತಿದ್ದೆ. ಪ್ರತಿಸಲ ಎತ್ತುವಾಗಲೂ ಆ ಬಿಸಿ, ಆ ಉಗುರು, ಆ ಬಡಿತ; ಕೆಳಗಿಟ್ಟು ಬಂದು ಮೊಣಕೈವರೆಗೆ ತಿಕ್ಕಿ ತೊಳೆಯುತ್ತಿದ್ದೆ. ಅನಿಲ ದೂರದಿಂದ ನೋಡುತ್ತ ಒಮ್ಮೆ ಹೇಳಿದ, ನಿನ್ನ ಮುಖದ ಮೇಲೆ ಎಳ್ಳಷ್ಟೂ ಪ್ರೀತಿಯಿಲ್ಲ, ಪ್ರೀತಿಯಿಲ್ಲದೆ ಯಾಕೆ ಮಾಡುತ್ತಿ ಎಂದು. ಮಲದ ಸ್ಯಾಂಪಲ್ಲಿನ ಮೇಲೆ ನನಗೆ ಪ್ರೀತಿಯಿದೆಯೇನು ಎಂದು ಕೇಳಿದೆ. ಅವನು ಎದ್ದು ಹೋದ.

ಗಾಯ ಮಾಯಿತು. ಕೂದಲು ಮತ್ತೆ ಬಂತು. ಬರ್ಫಿ ಕೌದಿಯ ಮೇಲೆ ಪಟಪಟನೆ ಓಡಿ, ಗಾಳಿಯಲ್ಲಿ ಒಂದು ಸಲ ಜಿಗಿದು ಬೀಳುವುದನ್ನು ಕಲಿಯಿತು. ಅದು ಚೆಂದ ಕಾಣತೊಡಗಿದ ಕೂಡಲೇ ಅನಿಲನ ಪ್ರೀತಿಯೂ ಚಿಗುರಿತು. ಮೊಬೈಲು ಹಿಡಿದು ಸುತ್ತ ಸುಳಿದಾಡಿದ. ನಾನು ಫೋನು ಕಸಿದು ಕಪಾಟಿನ ಮೇಲಿಟ್ಟೆ. ಅಂದಿನಿಂದ ನಮ್ಮಲ್ಲಿ ಮಾತು ಕಡಿಮೆಯಾಯಿತು.

ಒಂದು ದಿನ ಡ್ಯೂಟಿ ಮುಗಿಸಿ ಬಂದರೆ ಗೂಡು ಖಾಲಿ. ಅಂಗಡಿಗೆ ಫೋನು ಮಾಡಿದೆ.

"ಹುಕ್ಕೇರಿ ಶೀತಲ ಗೊತ್ತಲ್ಲ, ನಮ್ಮ ಗಿರಾಕಿ. ಅವನ ಮಗಳ ಹುಟ್ಟಿದ ಹಬ್ಬಕ್ಕ ಕೊಟ್ಟು ಬಂದೆ," ಎಂದ. "ಅವರ ಮನ್ಯಾಗ ಇಂಥಾದs ಒಂದು ಹೆಣ್ಣ ಐತಿ. ನೀನs ಹೇಳಿದ್ಯಲ್ಲ, ಜೋಡಿ ಬೇಕು ಅಂತ. ನಿನಗೂ ಪೀಡಾ ಹೋತು."

ಅವನ ದನಿಯಲ್ಲಿ ಕಪಟವಿರಲಿಲ್ಲ. ನಿಜವಾಗಿ ಒಳ್ಳೆಯದನ್ನೇ ಮಾಡಿದೆನೆಂದು ನಂಬಿದ್ದ. ಅದೇ ನನಗೆ ಇನ್ನೂ ಅಸಹ್ಯವಾಯಿತು. ಪೀಡೆ ಹೋಯಿತಲ್ಲ ಎಂದು ಕೂತು ಚಹಾ ಕುಡಿಯಬಹುದಿತ್ತು. ಬುಟ್ಟಿ ತೆಗೆದುಕೊಂಡು ಹುಕ್ಕೇರಿ ಬಸ್ಸು ಹತ್ತಿದೆ.

ಶೀತಲರದು ಜೈನರ ದೊಡ್ಡ ಮನೆ, ಮುಂದೆ ಬಟ್ಟೆ ಅಂಗಡಿ, ಹಿಂದೆ ವಾಸ. ನಾನು ಹೋದಾಗ ಕೇಕು ಕತ್ತರಿಸಿ ಆಗಿತ್ತು. ಬಲೂನುಗಳ ನಡುವೆ ಮಕ್ಕಳು ಗುಂಪಾಗಿ ನಿಂತು ಬರ್ಫಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅದರ ಮೂತಿಗೆ ಕ್ರೀಮು ಮೆತ್ತಿತ್ತು. ಅದು ಕಲ್ಲಾಗಿತ್ತು. ದೊಡ್ಡವರು ನಿಂತು ಫೋಟೋ ಹೊಡೆಯುತ್ತಿದ್ದರು. ಆ ನಗುವ ಮುಖಗಳನ್ನು ನೋಡಿ ನನಗೆ ಬಂದ ಓಕರಿಕೆ ಹುಳ ಕಂಡಾಗಲೂ ಬಂದಿರಲಿಲ್ಲ. ನಾನು ಅನಿಲನ ಹೆಂಡತಿ ಎಂದು ಹೇಳಿ, ನಡುವೆ ಹೋಗಿ ಅದನ್ನು ಎತ್ತಿಕೊಂಡೆ. ಇದಕ್ಕೆ ಔಷಧ ನಡೆದಿದೆ, ನನ್ನನ್ನು ಕೇಳದೆ ಕೊಟ್ಟಿದ್ದಾರೆ, ಒಯ್ಯುತ್ತೇನೆ ಎಂದೆ. ಶೀತಲ ಮುಜುಗರದಿಂದ, ಆಗಲಿ ಅಕ್ಕಾರ, ಅದಕ್ಕೇನು ಎಂದರು. ಹುಟ್ಟಿದ ಹಬ್ಬದ ಹುಡುಗಿ ಒಂದು ಗಳಿಗೆ ತುಟಿ ಉಬ್ಬಿಸಿ, ಆಮೇಲೆ ಹೊಸ ಸೈಕಲ್ಲಿನ ಕಡೆ ಹೋದಳು.

ಹೊರಡುವಾಗ ಶೀತಲರ ತಾಯಿ ಚಂಪಾಬಾಯಿ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದರು. ಬಚ್ಚಲ ಬಾಜೂಕ್ಕೆ ಗಿಳಿಯ ಪಂಜರದಲ್ಲಿ ಕಪ್ಪು ಬಣ್ಣದ ಇನ್ನೊಂದು ಗಿನಿಪಿಗ್ ಮುದುಡಿ ಕೂತಿತ್ತು. ಉಗುರುಗಳು ಬೆಳೆದು ಸುರುಳಿಯಾಗಿದ್ದವು. ಕೆಳಗೆ ಹಿಕ್ಕೆಯ ರಾಶಿ. ಚಂಪಾಬಾಯಿ ಸೆರಗನ್ನು ಮೂಗಿಗೊತ್ತಿಕೊಂಡು ಮರಾಠಿಯಲ್ಲಿ ಏನೋ ಗೊಣಗಿ, ಕನ್ನಡಕ್ಕೆ ಬಂದರು.

"ಜೀವ ಐತೆಂತ ಹೊರಗ ಒಗ್ಯಾಕ ಬರೂದಿಲ್ಲ. ಮುಟ್ಟಾಕ ಮನಸಾಗೂದಿಲ್ಲ. ನಮ್ಮ ಮನ್ಯಾಗ ಇರುವಿನೂ ತುಳಿಯೂದಿಲ್ಲವಾ, ಆದ್ರ ಇದನ್ನ ಯಾರೂ ನೋಡೂದಿಲ್ಲ. ಇದನೂ ಒಯ್ಯಿ. ನಮಗ ಪುಣ್ಯ ಬರತೈತಿ."

ಪುಣ್ಯ ನಿಮಗೆ, ಹೇಲು ನನಗೆ ಎಂದು ಬಾಯಿಗೆ ಬಂದಿತ್ತು. ಆದರೆ ಆ ಮುದುಕಿಯ ಮುಖ ನೋಡಿದೆ. ಅವರಿಗೂ ನನ್ನಷ್ಟೇ ಹೇಸಿಕೆ. ಆ ಮನೆಯಲ್ಲಿ ಸುಳ್ಳು ಹೇಳದವರು ಅವರೊಬ್ಬರೇ. ಪಂಜರದ ಬಾಗಿಲು ತೆಗೆಯಲು ನನಗೆ ಎರಡು ಕೈಯೂ ಬೇಕಿತ್ತು. ಬುಟ್ಟಿ ಹಿಡಿಯಿರಿ ಎಂದೆ. ಅವರು ಕಣ್ಣು ಮುಚ್ಚಿ, ಸೆರಗು ಬಿಟ್ಟು, ಹಿಡಿದರು.

ಬಸ್ಸಿನಲ್ಲಿ ಬುಟ್ಟಿ ತೊಡೆಯ ಮೇಲಿತ್ತು. ಬಾಜೂ ಕೂತಿದ್ದ ಹೆಂಗಸು ವಾಸನೆಗೆ ಎದ್ದು ಬೇರೆ ಸೀಟಿಗೆ ಹೋದಳು. ಘಟಪ್ರಭಾದಲ್ಲಿ ಇಳಿದೆ. ಗೋಕಾಕದ ಬಸ್ಸು ನಿಂತಿತ್ತು, ಅದನ್ನು ಹತ್ತಲು ಕಾಲೇಳಲಿಲ್ಲ. ಮೂಡಲಗಿ ಕಡೆಯ ಬಸ್ಸು ಹತ್ತಿ ಮಸಗುಪ್ಪಿಗೆ ಹೋದೆ.

ಅವ್ವ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ತಾಯಿಯ ಹಿಮ್ಮಡಿ ತಿಂದದ್ದು ಇದೇ ಜಾತಿಯದೆಂದು ಅವಳ ಕಣ್ಣೇ ಹೇಳುತ್ತಿತ್ತು. ತವರಿಗೆ ಯಾರಾದರೂ ಇಲಿ ತರುತ್ತಾರೇನು ಎಂದಳು. ನಾನು ಜಗಲಿಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಹುಳದ ಸಂಗತಿ, ಕರವಸ್ತ್ರದ ಸಂಗತಿ, ಕೇಕಿನ ಸಂಗತಿ. ಅವ್ವ ಗಂಡನನ್ನು ಬಿಟ್ಟು ಬಂದೆಯಾ ಎಂದು ಕೇಳಲಿಲ್ಲ. ಕುಡುಗೋಲು ತೆಗೆದುಕೊಂಡು ಬದುವಿಗೆ ಹೋಗಿ ಒಂದು ಹೊರೆ ಕರಿಕೆ ಕೊಯ್ದು ತಂದು, ಮುಖ ಆ ಕಡೆ ತಿರುಗಿಸಿ ಬುಟ್ಟಿಯ ಮುಂದೆ ಹಾಕಿದಳು.

"ಹೇಸಿಕಿ ಬರತೈತಿ. ಬರಲಿ," ಎಂದಳು. "ಅದಕ್ಯಾಕ ಕೈ ನಿಲ್ಲಬೇಕು."

ಗೋವಿನಜೋಳದ ಚೀಲವಿಡುತ್ತಿದ್ದ ಕೋಣೆಯಲ್ಲೇ ಅವಕ್ಕೆ ಜಾಗ ಮಾಡಿದೆವು. ಕರಿಯದಕ್ಕೆ ಕಾಯಿಲೆಯಿದ್ದರೆ ಹತ್ತಬಾರದೆಂದು ಮೊದಲು ಬೇರೆ ಬೇರೆ ಇಟ್ಟೆ. ಅದರ ಉಗುರು ಕತ್ತರಿಸಿದೆ. ಡಾಕ್ಟರಿಗೆ ತೋರಿಸಿ ಅದೂ ಹೆಣ್ಣೆಂದು ಖಾತ್ರಿ ಮಾಡಿಕೊಂಡೆ. ಇಲ್ಲದಿದ್ದರೆ ಕೋಣೆ ತುಂಬ ಮರಿ. ಎರಡನ್ನೂ ಒಟ್ಟಿಗೆ ಬಿಟ್ಟ ದಿನ ಅವು ಮೂತಿಗೆ ಮೂತಿ ಹಚ್ಚಿ, ಹಲ್ಲು ತೋರಿಸಿ, ಆಮೇಲೆ ಒಂದೇ ಹುಲ್ಲಿನ ಎಳೆಯನ್ನು ಎರಡು ಕಡೆಯಿಂದ ತಿಂದವು. ಅವ್ವ ಬಾಗಿಲಲ್ಲಿ ನಿಂತು ನೋಡಿ, ಥೂ, ಎಷ್ಟ ಹೊಲಸ ಅದಾವ ಎಂದು ಒಳಗೆ ಹೋದಳು. ಸಂಜೆಗೆ ಮತ್ತೆ ಹುಲ್ಲು ತಂದಳು. ನಾನು ಅಲ್ಲಿಂದಲೇ ಘಟಪ್ರಭಾಕ್ಕೆ ಹೋಗಿ ಬರುತ್ತಿದ್ದೆ. ಅನಿಲ ಫೋನು ಮಾಡುತ್ತಿದ್ದ. ಎತ್ತುತ್ತಿದ್ದೆ, ಊಟವಾಯಿತೇ ಎಂದು ಕೇಳಿ ಇಡುತ್ತಿದ್ದೆ.

ಭಾದ್ರಪದದ ಕೊನೆಗೆ, ಬಿಸಿಲು ಬಿದ್ದ ಒಂದು ಮುಂಜಾನೆ ಅವನೇ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸಿಹಿಯ ಡಬ್ಬಿ. ನಾನು ಗೂಡಿನ ಹಳೆ ಹಾಸು ತೆಗೆಯುತ್ತಿದ್ದೆ. ಅಪ್ಪ ಕುರ್ಚಿ ಹಾಕಿದ. ಅನಿಲ ಕೂರಲಿಲ್ಲ. ನನ್ನ ಹತ್ತಿರ ಬಂದು, ಮನೆಗೆ ಬಾ, ಇನ್ನು ಏನನ್ನೂ ತರುವುದಿಲ್ಲ ಎಂದ. ತರುವುದು ಬಿಡುವುದು ಆಮೇಲಿನ ಮಾತು, ಇದನ್ನು ಬಳಿದು, ತೊಳೆದು, ಹೊಸದು ಹಾಸು, ಆಮೇಲೆ ಮಾತಾಡೋಣ ಎಂದೆ. ಅವನು ನಕ್ಕ. ನಾನು ನಗದಿದ್ದದ್ದು ನೋಡಿ ಅಂಗಿಯ ತೋಳು ಮಡಚಿದ. ಒಂದು ಕೈ ತಂತಾನೇ ಕಿಸೆಯ ಕರವಸ್ತ್ರಕ್ಕೆ ಹೋಯಿತು.

"ಅದನ್ನ ಕಟ್ಟೂದಿದ್ರ ಹಂಗs ಬಸ್ ಹತ್ತು," ಎಂದೆ.

ಅವನು ಕರವಸ್ತ್ರವನ್ನು ಕಿಸೆಗೆ ತುರುಕಿದ. ಬಗ್ಗಿದ. ಅರ್ಧ ಬಳಿಯುವಷ್ಟರಲ್ಲಿ ಎದ್ದು ಬೇಲಿಗೆ ಹೋಗಿ ವಾಂತಿ ಮಾಡಿಕೊಂಡ. ಅವ್ವ ತಂಬಿಗೆಯಲ್ಲಿ ನೀರು ಒಯ್ದುಕೊಟ್ಟಳು. ಬಾಯಿ ತೊಳೆದು ಬಂದು ಮತ್ತೆ ಕೂತ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಇಸ್ತ್ರಿ ಅಂಗಿಯ ಮೇಲೆ ಹಿಕ್ಕೆಯ ಕಲೆ. ಕೊನೆಯ ಮೂಲೆಯವರೆಗೆ ಬಳಿದ. ಅವನು ಏನನ್ನಾದರೂ ಪೂರ್ತಿ ಮುಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮರುದಿನವೂ ಅವನಿಂದಲೇ ಮಾಡಿಸಿದೆ. ಆ ದಿನ ವಾಂತಿಯಾಗಲಿಲ್ಲ. ಆಮೇಲೆ ನಾವು ನಾಲ್ವರೂ, ಅವೆರಡನ್ನೂ ಸೇರಿಸಿ, ಗೋಕಾಕಕ್ಕೆ ಬಂದೆವು.

ಮುಂಜಾನೆಯ ಪಾಳಿ ಅವನದಾಯಿತು, ಸಂಜೆಯದು ನನ್ನದು. ಅವನು ತಪ್ಪಿಸಿದ ದಿನಗಳೂ ಇದ್ದವು, ಜಗಳಗಳೂ ಆದವು. ಆದರೆ ಮತ್ತೆಂದೂ ನೊಣ ಕೂರಲಿಲ್ಲ. ಬೇಸಿಗೆಯಲ್ಲಿ ತಂಪು ಕಲ್ಲು, ಚಳಿಯಲ್ಲಿ ಕೌದಿಯ ಗುಡಿಸಲು, ದಿನವೂ ಹುಲ್ಲು, ದಿನವೂ ಹೇಲು. ಅವು ವರ್ಷಗಟ್ಟಲೆ ಬದುಕಿದವು. ಬರ್ಫಿ ಮುದಿಯಾಗಿ ಒಂದು ಮಧ್ಯಾಹ್ನ ಕರಿಯದರ ಮಗ್ಗುಲಲ್ಲೇ ಸತ್ತಿತು. ಸ್ವಲ್ಪ ದಿನಕ್ಕೆ ಕರಿಯದೂ ಹೋಯಿತು. ಎರಡಕ್ಕೂ ಕುಣಿ ತೋಡಿದವನು ಅನಿಲ. ಕರಿಯದನ್ನು ಹೂಳಿ ಬಂದ ದಿನ ಅವನು ಮೆಟ್ಟಿಲ ಮೇಲೆ ಕೂತು ಅತ್ತ. ನನಗೆ ಅಳು ಬರಲಿಲ್ಲ. ಮಣ್ಣಿನ ಕೈ ತೊಳೆದುಕೊಂಡು ಬಂದು ಅವನ ಬಾಜೂಕ್ಕೆ ಕೂತೆ.

"ನಿನಗ ಒಂದ ದಿನಾನೂ ಅವುಗಳ ಮ್ಯಾಲೆ ಪ್ರೀತಿ ಬರಲಿಲ್ಲೇನು?" ಎಂದು ಕೇಳಿದ.

ಇಲ್ಲ ಎಂದೆ. ಅದು ಸುಳ್ಳಾಗಿರಲಿಲ್ಲ.

ಅವನು ಉಗುರಿನ ಸಂದಿಯ ಮಣ್ಣನ್ನು ಕೆರೆದು ತೆಗೆದ. ಆಮೇಲೆ ಕೇಳಿದ:

"ಹಂಗಾರ ನನ್ನೂ ಹಂಗs ನೋಡ್ಕೊಂಡ್ಯಾ?"

"ಆ ವರ್ಷ, ಹೌದು," ಎಂದೆ.

ಅವನು ಹೂಂ ಎಂದು ತಲೆಯಾಡಿಸಿದ. ಇಬ್ಬರೂ ಒಳಗೆ ಹೋಗಿ ಖಾಲಿ ಗೂಡನ್ನು ಎತ್ತಿ ತಂದು, ಒಂದೊಂದು ಕಡೆ ಹಿಡಿದು ತೊಳೆದೆವು.